ಮೊದಲ ಸಾಲಕ್ಕೆ ಸಿಬಿಲ್ ಸ್ಕೋರ್ ಬೇಡ ಎಂದರೆ ಏನರ್ಥ? ಸ್ಕೋರ್‌ಗಿಂತ ಮೊದಲು ವರದಿ ಓದಿ

ಮೊದಲ ಬಾರಿಗೆ ಸಾಲ ಕೇಳುವವರಿಗೆ ಸಿಬಿಲ್ ಸ್ಕೋರ್, ಅಂದರೆ ಹಿಂದಿನ ಸಾಲಗಳನ್ನು ಕಟ್ಟಿದ ರೀತಿಗೆ ಸಿಗುವ ಅಂಕ, ಬೇಕಿಲ್ಲ ಎಂಬ ಸುದ್ದಿ 2025ರ ಆಗಸ್ಟ್‌ನಲ್ಲಿ ಹೊರಬಿದ್ದಾಗಿನಿಂದ ಗೊಂದಲ ಮುಗಿದಿಲ್ಲ. ಇನ್ನು ಮುಂದೆ ಬ್ಯಾಂಕುಗಳು ಸ್ಕೋರ್ ನೋಡುವುದೇ ಇಲ್ಲ ಎಂದು ಹಲವರು ಅರ್ಥ ಮಾಡಿಕೊಂಡರು. ಆದರೆ ಅರ್ಜಿ ಹಿಡಿದು ಶಾಖೆಗೆ ಹೋದರೆ ಮೊದಲು ಕೇಳುವುದು ಪ್ಯಾನ್ ಸಂಖ್ಯೆ, ಅದನ್ನು ಹಾಕಿ ತೆರೆಯುವುದು ಕ್ರೆಡಿಟ್ ವರದಿ. ಸರ್ಕಾರ ಹೇಳುವುದು ಒಂದು, ಬ್ಯಾಂಕ್ ಮಾಡುವುದು ಇನ್ನೊಂದು ಎಂಬ ಸಿಟ್ಟು ಹುಟ್ಟುವುದು ಇಲ್ಲಿಯೇ. ಎರಡೂ ಒಂದಕ್ಕೊಂದು ವಿರುದ್ಧವೇನಲ್ಲ ಎಂಬುದು ಸಚಿವರ ಉತ್ತರವನ್ನು ಪೂರ್ತಿ ಓದಿದರೆ ತಿಳಿಯುತ್ತದೆ.

ಸಚಿವರು ಹೇಳಿದ್ದು ಎಷ್ಟು

ಲೋಕಸಭೆಯಲ್ಲಿ ಕೇಳಿದ ಪ್ರಶ್ನೆಗೆ ಕೇಂದ್ರ ಹಣಕಾಸು ಖಾತೆ ರಾಜ್ಯ ಸಚಿವ ಪಂಕಜ್ ಚೌಧರಿ ಕೊಟ್ಟ ಉತ್ತರದಲ್ಲಿ ಮುಖ್ಯವಾಗಿ ಎರಡು ಅಂಶಗಳಿದ್ದವು. ಸಾಲ ಮಂಜೂರಾತಿಗೆ ಇಷ್ಟೇ ಸ್ಕೋರ್ ಇರಬೇಕು ಎಂದು ರಿಸರ್ವ್ ಬ್ಯಾಂಕ್ ಯಾವ ಕನಿಷ್ಠ ಮಿತಿಯನ್ನೂ ನಿಗದಿ ಮಾಡಿಲ್ಲ. ಹಾಗೆಯೇ, ಹಿಂದೆ ಸಾಲವನ್ನೇ ಮಾಡಿಲ್ಲ ಎಂಬ ಒಂದೇ ಕಾರಣಕ್ಕೆ ಮೊದಲ ಸಲದ ಅರ್ಜಿದಾರರನ್ನು ತಿರಸ್ಕರಿಸಬಾರದು ಎಂದು 2025ರ ಜನವರಿ 6ರ ನಿರ್ದೇಶನದಲ್ಲಿ ಆರ್‌ಬಿಐ ಸಾಲ ಕೊಡುವ ಸಂಸ್ಥೆಗಳಿಗೆ ಸೂಚಿಸಿದೆ.

ಈ ಉತ್ತರದಿಂದ ರಕ್ಷಣೆ ಸಿಕ್ಕಿರುವುದು ಸಾಲದ ಚರಿತ್ರೆಯೇ ಇಲ್ಲದವರಿಗೆ. ಚರಿತ್ರೆ ಕೆಟ್ಟಿರುವವರಿಗೆ ಇದು ಅನ್ವಯಿಸುವುದಿಲ್ಲ. ಅರ್ಜಿದಾರರ ಆದಾಯ, ಈಗಾಗಲೇ ಕಟ್ಟುತ್ತಿರುವ ಕಂತು, ಮರುಪಾವತಿಯ ಸಾಮರ್ಥ್ಯ ಎಲ್ಲವನ್ನೂ ಪರಿಶೀಲಿಸಿ ತನ್ನದೇ ಮಾನದಂಡ ಇಟ್ಟುಕೊಳ್ಳುವ ಸ್ವಾತಂತ್ರ್ಯ ಬ್ಯಾಂಕಿಗೆ ಮೊದಲಿನಂತೆಯೇ ಇದೆ. ಹಾಗಾಗಿ 750 ಇದ್ದರೆ ಸಾಲ ಖಚಿತ, 700ಕ್ಕಿಂತ ಕೆಳಗಿದ್ದರೆ ಬಾಗಿಲು ಬಂದ್ ಎಂಬ ಮಾತುಗಳಿಗೆ ಕಾನೂನಿನ ಆಧಾರವಿಲ್ಲ. ಅವು ಆಯಾ ಬ್ಯಾಂಕಿನ ಒಳಗಿನ ನೀತಿ ಮಾತ್ರ. ಒಂದು ಕಡೆ ತಿರಸ್ಕೃತವಾದ ಅರ್ಜಿ ಇನ್ನೊಂದು ಕಡೆ ಮಂಜೂರಾಗುವುದು ಇದೇ ಕಾರಣಕ್ಕೆ.

ದಾಖಲೆ ಇಡುವವರು ಯಾರು

ಭಾರತದಲ್ಲಿ ಆರ್‌ಬಿಐ ಪರವಾನಗಿ ಪಡೆದ ಕ್ರೆಡಿಟ್ ಮಾಹಿತಿ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. 2000ದಲ್ಲಿ ಶುರುವಾದ ಸಿಬಿಲ್ ಎಲ್ಲರಿಗಿಂತ ಹಳೆಯದು, ಹಾಗಾಗಿ ಯಾವ ಸ್ಕೋರನ್ನೂ ಜನ ‘ಸಿಬಿಲ್’ ಎಂದೇ ಕರೆಯುತ್ತಾರೆ. ಇವುಗಳಿಗೆ ಕಾನೂನಿನ ಚೌಕಟ್ಟು ಕೊಟ್ಟದ್ದು 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ನಿಯಂತ್ರಣ ಕಾಯ್ದೆ. ಬ್ಯಾಂಕುಗಳು ಮತ್ತು ಬ್ಯಾಂಕೇತರ ಹಣಕಾಸು ಸಂಸ್ಥೆಗಳು ನಾಲ್ಕೂ ಕಂಪನಿಗಳಿಗೆ ಮಾಹಿತಿ ಕಳಿಸಬೇಕು.

ಈ ಕಂಪನಿಗಳು ಸಾಲ ಕೊಡುವುದಿಲ್ಲ, ನಿರಾಕರಿಸುವುದೂ ಇಲ್ಲ. ಬ್ಯಾಂಕ್ ಕಳಿಸಿದ್ದನ್ನು ಒಂದೆಡೆ ಸೇರಿಸಿ ವರದಿ ಮಾಡುತ್ತವೆ. ಆ ವರದಿಯ ಮೇಲೆ ತಮ್ಮದೇ ಲೆಕ್ಕಸೂತ್ರ ಹಾಕಿ 300ರಿಂದ 900ರ ನಡುವಿನ ಒಂದು ಅಂಕಿ ತೆಗೆಯುತ್ತವೆ. ಸೂತ್ರ ಒಬ್ಬೊಬ್ಬರದು ಒಂದೊಂದು ಆದ್ದರಿಂದ ಒಬ್ಬರದೇ ಸ್ಕೋರ್ ಒಂದು ಕಡೆ 742, ಇನ್ನೊಂದು ಕಡೆ 771 ಎಂದು ಬರಬಹುದು. ಅದು ತಪ್ಪಲ್ಲ. ಆದರೆ ಒಂದು ವರದಿಯಲ್ಲಿರುವ ಸಾಲದ ಖಾತೆ ಇನ್ನೊಂದರಲ್ಲಿ ಇಲ್ಲದಿದ್ದರೆ, ಅಥವಾ ಬೇರೆ ರೀತಿ ದಾಖಲಾಗಿದ್ದರೆ, ಅದನ್ನು ವಿಚಾರಿಸಲೇಬೇಕು.

ಸ್ಕೋರ್ ಎಂಬುದು ಫಲಿತಾಂಶ. ಕಾರಣಗಳಿರುವುದು ವರದಿಯ ಸಾಲುಗಳಲ್ಲಿ. ಅಂಕಿಯನ್ನು ನೇರವಾಗಿ ಏರಿಸುವ ದಾರಿ ಯಾರ ಬಳಿಯೂ ಇಲ್ಲ.

ವಾದ, ಪ್ರತಿವಾದ

ಬ್ಯಾಂಕುಗಳ ವಾದ ಸರಳ: ಅಡಮಾನವಿಲ್ಲದ ಸಾಲದಲ್ಲಿ ಹಿಂದಿನ ನಡವಳಿಕೆಗಿಂತ ಉತ್ತಮ ಸುಳಿವು ಬೇರೆ ಇಲ್ಲ. ಊರಿನ ಮ್ಯಾನೇಜರ್ ಪರಿಚಯದ ಮೇಲೆ ಸಾಲ ಸಿಗುತ್ತಿದ್ದ ಕಾಲಕ್ಕೆ ಹೋಲಿಸಿದರೆ ಇದು ನ್ಯಾಯವಾದ ವ್ಯವಸ್ಥೆ, ತೀರ್ಮಾನವೂ ಬೇಗ ಆಗುತ್ತದೆ. ಇದರಲ್ಲಿ ಹುರುಳಿದೆ.

ಆಕ್ಷೇಪಗಳಲ್ಲೂ ಅಷ್ಟೇ ಹುರುಳಿದೆ. ಕೋಟ್ಯಂತರ ಜನರ ಹಣೆಬರಹ ಬರೆಯುವ ದಾಖಲೆ ಖಾಸಗಿ ಕಂಪನಿಗಳ ಕೈಯಲ್ಲಿದೆ. ಲೆಕ್ಕಸೂತ್ರ ಹೊರಗಿನವರಿಗೆ ಕಾಣದು. ಬ್ಯಾಂಕಿನ ಗುಮಾಸ್ತರ ಒಂದು ತಪ್ಪಿಗೆ ಬೆಲೆ ತೆರುವವರು ಗ್ರಾಹಕರು. ತಪ್ಪು ಇದೆ ಎಂಬುದು ಅವರಿಗೆ ಗೊತ್ತಾಗುವುದೇ ಸಾಲ ತಿರಸ್ಕೃತವಾದ ದಿನ. ಸಂಸತ್ತಿನಲ್ಲೂ ಈ ಪ್ರಶ್ನೆಗಳು ಎದ್ದಿವೆ.

ಆರ್‌ಬಿಐ ಹಿಡಿದಿರುವುದು ಮಧ್ಯದ ದಾರಿ. ಸೂತ್ರವನ್ನು ಬಹಿರಂಗ ಮಾಡಿ ಎಂದು ಅದು ಹೇಳಿಲ್ಲ. ಬದಲಿಗೆ ಮಾಹಿತಿ ಬೇಗ ಹೋಗಬೇಕು, ಗ್ರಾಹಕರಿಗೆ ಕಾಣಬೇಕು, ತಪ್ಪಿದ್ದರೆ ಗಡುವಿನೊಳಗೆ ಸರಿಯಾಗಬೇಕು ಎಂದು ಒತ್ತಾಯಿಸಿದೆ. ಇದರ ಲಾಭ ದೊಡ್ಡದು, ಆದರೆ ವರದಿ ತೆರೆದು ನೋಡುವವರಿಗೆ ಮಾತ್ರ.

ಹದಿನೈದು ದಿನದ ಲೆಕ್ಕ

ಮೊದಲು ಬ್ಯಾಂಕುಗಳು ತಿಂಗಳಿಗೊಮ್ಮೆ ಮಾಹಿತಿ ಕಳಿಸುತ್ತಿದ್ದವು. 2025ರ ಜನವರಿ 1ರಿಂದ ಅದು ಹದಿನೈದು ದಿನಕ್ಕೊಮ್ಮೆ ಆಯಿತು. ಆ ಲೆಕ್ಕದಲ್ಲಿ ತಿಂಗಳ 15ರಂದು ಮತ್ತು ಕೊನೆಯ ದಿನ ಖಾತೆ ಹೇಗಿತ್ತೋ ಆ ಸ್ಥಿತಿಯನ್ನು ಬ್ಯಾಂಕ್ 7 ದಿನದೊಳಗೆ ಕಳಿಸಬೇಕು. ಕೈಸೇರಿದ 5 ದಿನದೊಳಗೆ ಕಂಪನಿ ಅದನ್ನು ದಾಖಲಿಸಬೇಕು. 2025ರ ಸೆಪ್ಟೆಂಬರ್‌ನಲ್ಲಿ ವಾರಕ್ಕೊಮ್ಮೆ ಕಳಿಸುವ ಕರಡನ್ನೂ ಆರ್‌ಬಿಐ ಮುಂದಿಟ್ಟಿತು; 2026ರ ಜುಲೈ 1ರಿಂದ ಅದು ಜಾರಿ ಎಂದು ಆ ವರ್ಷದ ಡಿಸೆಂಬರ್‌ನಲ್ಲಿ ಅಂತಿಮಗೊಳಿಸಿತು.

ಹದಿನೈದು ದಿನದ ಲೆಕ್ಕದ ಪರಿಣಾಮ ಎರಡು ದಿಕ್ಕಿಗೂ ಇದೆ. 3ನೇ ತಾರೀಕು ಒಂದು ಸಾಲವನ್ನು ಪೂರ್ತಿ ತೀರಿಸಿದಿರಿ ಎನ್ನಿ. 15ರ ಸ್ಥಿತಿ 22ರೊಳಗೆ ಹೋಗಿ, 27ರ ಹೊತ್ತಿಗೆ ಹೊಸ ವರದಿಯಲ್ಲಿ ಕಾಣಬೇಕು. ಅದೇ ತಿಂಗಳು ಗೃಹಸಾಲಕ್ಕೆ ಅರ್ಜಿ ಹಾಕುವವರಿಗೆ ಇದು ದೊಡ್ಡ ಅನುಕೂಲ.

ಇನ್ನೊಂದು ಕಡೆ, 5ನೇ ತಾರೀಕು ಕಟ್ಟಬೇಕಾದ ಕಂತನ್ನು 20ಕ್ಕೆ ಕಟ್ಟುವ ಅಭ್ಯಾಸವಿದ್ದವರಿಗೆ ಇದರಿಂದ ಹೊಡೆತ. ತಿಂಗಳಿಗೊಮ್ಮೆ ವರದಿ ಹೋಗುತ್ತಿದ್ದಾಗ ಕೊನೆಯ ದಿನದ ಹೊತ್ತಿಗೆ ಬಾಕಿ ಸೊನ್ನೆಯಾಗಿರುತ್ತಿತ್ತು. ಹದಿನೈದು ದಿನದ ಲೆಕ್ಕದಲ್ಲಿ 15ರ ಸ್ಥಿತಿಗೆ ಸುಮಾರು 10 ದಿನದ ಬಾಕಿ ದಾಖಲಾಗುತ್ತದೆ. ಸಂಬಳ 7ಕ್ಕೆ ಬರುತ್ತಿದ್ದು ಕಂತು 5ಕ್ಕೆ ಕಡಿತವಾಗುವಂತಿದ್ದರೆ, ಕಂತಿನ ದಿನಾಂಕ ಬದಲಿಸಿಕೊಡಿ ಎಂದು ಬ್ಯಾಂಕಿಗೆ ಲಿಖಿತವಾಗಿ ಕೇಳುವುದು ಮೊದಲು ಮಾಡಬೇಕಾದ ಕೆಲಸ.

ಕ್ರೆಡಿಟ್ ಕಾರ್ಡಿಗೆ ಒಂದು ಸಣ್ಣ ವಿನಾಯಿತಿ ಇದೆ. ಪಾವತಿಯ ಕೊನೆಯ ದಿನ ದಾಟಿ ಮೂರು ದಿನಕ್ಕಿಂತ ಹೆಚ್ಚು ಬಾಕಿ ಉಳಿದರೆ ಮಾತ್ರ ಅದನ್ನು ‘ಬಾಕಿದಾರ ಖಾತೆ’ ಎಂದು ವರದಿ ಮಾಡಬಹುದು. ನಾಲ್ಕನೇ ದಿನ ಕಟ್ಟಿದರೆ ಎಣಿಕೆ ಶುರುವಾಗುವುದು ಮೂಲ ದಿನಾಂಕದಿಂದಲೇ.

ವರದಿ ತರಿಸುವುದು, ಓದುವುದು

ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಸ್ಕೋರ್ ಸಹಿತ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. 2017ರಿಂದ ಈ ನಿಯಮ ಇದೆ. ಆಯಾ ಕಂಪನಿಯ ಅಧಿಕೃತ ಜಾಲತಾಣಕ್ಕೆ ಹೋಗಿ ‘ಉಚಿತ ವಾರ್ಷಿಕ ವರದಿ’ಯ ಕೊಂಡಿ ಹುಡುಕಿ. ಪ್ಯಾನ್, ಜನ್ಮದಿನಾಂಕ, ಬ್ಯಾಂಕಿನಲ್ಲಿ ಕೊಟ್ಟಿರುವ ಮೊಬೈಲ್ ಸಂಖ್ಯೆ ಮತ್ತು ಅದಕ್ಕೆ ಬರುವ ಒಟಿಪಿ ಸಾಕು. ಪಕ್ಕದಲ್ಲೇ ಹಣ ಕಟ್ಟುವ ಚಂದಾ ಯೋಜನೆಗಳು ಕಾಣುತ್ತವೆ, ಅವು ಬೇಕಿಲ್ಲ. ಹೆಚ್ಚುವರಿ ವರದಿ ಬೇಕಾದರೂ ಕಂಪನಿ ಪಡೆಯಬಹುದಾದ ಶುಲ್ಕ ಗರಿಷ್ಠ ₹100. ಮೂರು ತಿಂಗಳಿಗೊಂದು ಕಂಪನಿಯಂತೆ ತರಿಸಿಕೊಂಡರೆ ವರ್ಷವಿಡೀ ಖರ್ಚಿಲ್ಲದೆ ನಿಗಾ ಇಡಬಹುದು. ಸದ್ಯದಲ್ಲೇ ದೊಡ್ಡ ಸಾಲ ಪಡೆಯುವುದಿದ್ದರೆ ಮಾತ್ರ ನಾಲ್ಕನ್ನೂ ಒಟ್ಟಿಗೆ ತೆಗೆಯಿರಿ, ಅದೂ ಅರ್ಜಿಗಿಂತ ಎರಡು-ಮೂರು ತಿಂಗಳು ಮೊದಲು.

ನಮ್ಮ ವರದಿಯನ್ನು ನಾವೇ ನೋಡಿದರೆ ಸ್ಕೋರ್ ಇಳಿಯುತ್ತದೆ ಎಂಬ ಹೆದರಿಕೆ ಬೇಡ. ಇಳಿಸುವುದು ಸಾಲದ ಅರ್ಜಿಗಾಗಿ ಬ್ಯಾಂಕ್ ಮಾಡುವ ವಿಚಾರಣೆ. ಒಂದೇ ವಾರದಲ್ಲಿ ಐದಾರು ಕಡೆ ಅರ್ಜಿ ಹಾಕಿದರೆ ಅಷ್ಟೂ ದಾಖಲಾಗಿ, ಹಣದ ತುರ್ತಿನಲ್ಲಿರುವವರು ಎಂಬ ಚಿತ್ರ ಮೂಡುತ್ತದೆ. ‘ನಿಮಗೆ ಯಾವ ಸಾಲ ಸಿಗುತ್ತದೆ ನೋಡಿ’ ಎಂದು ಕರೆಯುವ ಆ್ಯಪ್‌ಗಳಲ್ಲಿ ಒಪ್ಪಿಗೆಯ ಗುಂಡಿ ಒತ್ತುವ ಮುನ್ನ, ಅದು ಅರ್ಜಿಯೋ ಬರೀ ಪರಿಶೀಲನೆಯೋ ಎಂದು ಓದಿಕೊಳ್ಳಿ.

ವರದಿ ಕೈಗೆ ಬಂದ ಮೇಲೆ ಸ್ಕೋರ್ ಇರುವ ಪುಟವನ್ನು ಮಗುಚಿ ಮುಂದೆ ಹೋಗಿ. ಮೊದಲು ಹೆಸರು, ಪ್ಯಾನ್, ವಿಳಾಸ, ಫೋನ್. ನಮ್ಮಲ್ಲಿ ಇನಿಷಿಯಲ್ ಒಂದು ದಾಖಲೆಯಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ತಂದೆಯ ಪೂರ್ತಿ ಹೆಸರಾಗಿ ಇರುವುದು ಸಾಮಾನ್ಯ. ಹೆಸರು, ಜನ್ಮದಿನಾಂಕ ಹತ್ತಿರ ಹತ್ತಿರ ಇದ್ದು ಪ್ಯಾನ್ ನಮೂದಾಗದಿದ್ದರೆ ಬೇರೆಯವರ ಸಾಲ ನಿಮ್ಮ ವರದಿಗೆ ಬಂದು ಸೇರಬಹುದು. ಗುರುತಿಲ್ಲದ ವಿಳಾಸ ಕಂಡರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಯಾರದೋ ಸಾಲ ಸೇರಿಕೊಂಡಿರುವುದರ ಮೊದಲ ಸುಳಿವು ಹೆಚ್ಚಾಗಿ ಅದೇ.

ನಂತರ ಖಾತೆಗಳು. ಪ್ರತಿ ಖಾತೆಯಲ್ಲೂ ಸಾಲದ ಬಗೆ, ತೆರೆದ ದಿನ, ಮುಚ್ಚಿದ ದಿನ, ಈಗಿನ ಬಾಕಿ, ಓವರ್‌ಡ್ಯೂ (ಗಡುವು ದಾಟಿದ) ಮೊತ್ತ ಮತ್ತು ನಿಮ್ಮ ಪಾತ್ರ ಬರೆದಿರುತ್ತದೆ. ಪಾತ್ರ ಎಂದರೆ ಒಂಟಿ ಸಾಲಗಾರ, ಜಂಟಿ ಸಾಲಗಾರ ಅಥವಾ ಜಾಮೀನುದಾರ. ಸಂಬಂಧಿಕರ ಸಾಲಕ್ಕೆ ಹಾಕಿದ ಜಾಮೀನು ಸಹಿ ಇಲ್ಲಿ ಖಾತೆಯಾಗಿಯೇ ಕಾಣುತ್ತದೆ. ಅವರು ಕಂತು ತಪ್ಪಿಸಿದರೆ ನಿಮ್ಮ ದಾಖಲೆಗೂ ಪೆಟ್ಟು. ಮೊಬೈಲ್ ಆ್ಯಪ್‌ಗಳ ಮೂಲಕ ಪಡೆದ ಸಣ್ಣ ಸಾಲ, ‘ಈಗ ಕೊಳ್ಳಿ, ಆಮೇಲೆ ಕಟ್ಟಿ’ ವ್ಯವಸ್ಥೆಯಲ್ಲಿ ಸಂಸ್ಥೆ ಕೊಟ್ಟ ಸಾಲ, ಇವೂ ವರದಿಯಲ್ಲಿ ಕಾಣುವ ಸಾಲಗಳೇ. ಕೆಲವು ನೂರು ರೂಪಾಯಿ ಎಂದು ಮರೆತ ಬಾಕಿ ಕೂಡ ಓವರ್‌ಡ್ಯೂ ಎಂದೇ ದಾಖಲಾಗುತ್ತದೆ.

ಖಾತೆಯ ಕೆಳಗೆ ತಿಂಗಳುವಾರು ಚೌಕಗಳ ಸಾಲು ಇರುತ್ತದೆ. ಸಿಬಿಲ್ ವರದಿಯಲ್ಲಿ 36 ತಿಂಗಳವರೆಗೆ. ಇಡೀ ವರದಿಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದು. 000 ಅಥವಾ ಎಸ್‌ಟಿಡಿ ಎಂದಿದ್ದರೆ ಕಂತು ಸರಿಯಾಗಿದೆ. 025 ಎಂದರೆ 25 ದಿನ ತಡ. ಎಕ್ಸ್‌ಎಕ್ಸ್‌ಎಕ್ಸ್ ಎಂದರೆ ಆ ತಿಂಗಳ ಮಾಹಿತಿ ಬ್ಯಾಂಕಿನಿಂದ ಬಂದಿಲ್ಲ, ಅದು ಕಪ್ಪುಚುಕ್ಕೆಯಲ್ಲ. ಎಸ್‌ಯುಬಿ, ಡಿಬಿಟಿ, ಎಲ್‌ಎಸ್‌ಎಸ್ ಎಂಬ ಅಕ್ಷರಗಳು ಕಂಡರೆ ಬಾಕಿ 90 ದಿನ ದಾಟಿ ಖಾತೆ ಅನುತ್ಪಾದಕ ಸಾಲವಾಗಿದೆ (ಬ್ಯಾಂಕ್ ಅದನ್ನು ಕೆಟ್ಟ ಸಾಲವೆಂದು ಗುರುತಿಸಿದೆ) ಎಂದರ್ಥ. ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್ ಪಕ್ಕದಲ್ಲಿಟ್ಟುಕೊಂಡು, ತಡ ಎಂದು ಬರೆದಿರುವ ಪ್ರತಿ ತಿಂಗಳನ್ನೂ ತಾಳೆ ನೋಡಿ.

‘ಸೆಟಲ್’ ಮಾಡಿದ ಖಾತೆ

ಕಾರ್ಡಿನ ಬಾಕಿ ₹90,000 ಇದ್ದಾಗ ವಸೂಲಿ ಏಜೆಂಟರು ‘₹40,000 ಕಟ್ಟಿ ಮುಗಿಸಿಬಿಡಿ’ ಎನ್ನುತ್ತಾರೆ. ಕಟ್ಟಿದವರಿಗೆ ಸಾಲ ಮುಗಿದ ಸಮಾಧಾನ. ವರದಿಯಲ್ಲಿ ಮಾತ್ರ ಖಾತೆ ‘ಮುಚ್ಚಿದೆ’ ಎಂದಾಗುವುದಿಲ್ಲ, ‘ಸೆಟಲ್ಡ್’ ಎಂದಾಗುತ್ತದೆ. ಉಳಿದ ₹50,000ವನ್ನು ಬ್ಯಾಂಕ್ ನಷ್ಟವೆಂದು ಬಿಟ್ಟಿತು ಎಂಬುದನ್ನು ಮುಂದಿನ ಬ್ಯಾಂಕ್ ಅದರಿಂದ ಓದಿಕೊಳ್ಳುತ್ತದೆ. ಕಂಪನಿಗಳು ಕ್ರೆಡಿಟ್ ಮಾಹಿತಿಯನ್ನು ಕನಿಷ್ಠ 7 ವರ್ಷ ಇಟ್ಟುಕೊಳ್ಳಬೇಕು ಎಂಬ ನಿಯಮವಿರುವುದರಿಂದ ಈ ಗುರುತು ಬೇಗ ಅಳಿಯುವುದಿಲ್ಲ.

ಸರಿಪಡಿಸುವ ದಾರಿ ಒಂದೇ. ಬಿಟ್ಟ ಮೊತ್ತವನ್ನು ಕಟ್ಟುವುದಾಗಿ ಬ್ಯಾಂಕಿಗೆ ಬರೆದು, ಕಟ್ಟಿದ ಮೇಲೆ ಖಾತೆಯನ್ನು ‘ಮುಚ್ಚಿದ ಖಾತೆ’ ಎಂದು ವರದಿ ಮಾಡುವುದಾಗಿ ಅವರಿಂದ ಲಿಖಿತ ಪತ್ರ ಪಡೆಯಿರಿ. ಆಮೇಲೆ ಹಣ ಕಟ್ಟಿ, ಬಾಕಿ ಉಳಿದಿಲ್ಲ ಎಂಬ ನೋ ಡ್ಯೂ ಸರ್ಟಿಫಿಕೇಟ್ ತೆಗೆದುಕೊಳ್ಳಿ. ಪತ್ರವಿಲ್ಲದೆ ಹಣ ಕಟ್ಟಬೇಡಿ. ಬಾಯಿಮಾತಿನ ಭರವಸೆ ಕೊಟ್ಟ ಏಜೆಂಟರು ಆರು ತಿಂಗಳಲ್ಲಿ ಬೇರೆಡೆ ಇರುತ್ತಾರೆ. ಹಿಂದಿನ ತಡದ ತಿಂಗಳುಗಳು ಆಗಲೂ ಅಲ್ಲೇ ಉಳಿಯುತ್ತವೆ, ಖಾತೆಯ ಸ್ಥಿತಿ ಮಾತ್ರ ಬದಲಾಗುತ್ತದೆ. ಆದರೂ ಗೃಹಸಾಲಕ್ಕೆ ಅರ್ಜಿ ಹಾಕುವವರಿಗೆ ಆ ಒಂದು ಬದಲಾವಣೆ ಬೆಲೆಯುಳ್ಳದ್ದು.

ತಪ್ಪು ತಿದ್ದಿಸುವ ಕ್ರಮ

ವರದಿಯಲ್ಲಿರುವ ತಪ್ಪನ್ನು ಕ್ರೆಡಿಟ್ ಮಾಹಿತಿ ಕಂಪನಿ ತಾನಾಗಿ ತಿದ್ದುವಂತಿಲ್ಲ. ಮಾಹಿತಿ ಕೊಟ್ಟ ಬ್ಯಾಂಕ್ ದೃಢೀಕರಿಸಬೇಕು. ಹಾಗಾಗಿ ದೂರು ಎರಡೂ ಕಡೆ ಒಂದೇ ದಿನ ಹೋಗಲಿ. ಕಂಪನಿಯ ಜಾಲತಾಣದಲ್ಲಿ ವರದಿಯ ಸಂಖ್ಯೆ ನಮೂದಿಸಿ, ಯಾವ ಖಾತೆಯ ಯಾವ ಅಂಶ ತಪ್ಪು ಎಂದು ಗುರುತಿಸಿ ತಕರಾರು ದಾಖಲಿಸಿ. ಬ್ಯಾಂಕಿನಲ್ಲಿ ದೂರು ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ ಇಮೇಲ್ ಕಳಿಸಿ. ವರದಿಯ ಆ ಪುಟ, ಕಂತು ಕಟ್ಟಿದ ಸ್ಟೇಟ್‌ಮೆಂಟ್ ಅಥವಾ ನೋ ಡ್ಯೂ ಪತ್ರ ಲಗತ್ತಿಸಿ. ‘ನನ್ನ ಸ್ಕೋರ್ ಸರಿ ಮಾಡಿ’ ಎಂದು ಬರೆದರೆ ಕೆಲಸವಾಗದು. ‘ಇಂಥ ಖಾತೆಯಲ್ಲಿ ಇಂಥ ತಿಂಗಳು 30 ದಿನ ತಡ ಎಂದಿದೆ, ಇಂಥ ದಿನ ಪಾವತಿಯಾಗಿದೆ’ ಎಂದು ಬರೆಯಿರಿ. ನಾಲ್ಕೂ ವರದಿಗಳಲ್ಲಿ ತಪ್ಪಿದ್ದರೆ ನಾಲ್ಕೂ ಕಡೆ ದೂರು ಕೊಡಬೇಕು.

ದೂರು ಕೊಟ್ಟ ದಿನದಿಂದ 30 ದಿನದೊಳಗೆ ಇತ್ಯರ್ಥವಾಗಬೇಕು. ಅದರಲ್ಲಿ ಬ್ಯಾಂಕಿಗೆ ಮೊದಲ 21 ದಿನ. ಗಡುವು ಮೀರಿದರೆ ದಿನಕ್ಕೆ ₹100ರಂತೆ ಪರಿಹಾರ ಕೊಡಬೇಕು; 2024ರ ಏಪ್ರಿಲ್ 26ರಿಂದ ಈ ನಿಯಮ ಜಾರಿಯಲ್ಲಿದೆ. 20 ದಿನ ತಡವಾದರೆ ₹2,000. ಬ್ಯಾಂಕ್ 21 ದಿನದೊಳಗೆ ಸರಿಯಾದ ಮಾಹಿತಿ ಕಳಿಸದಿದ್ದರೆ ಪರಿಹಾರ ಅದರ ತಲೆಯ ಮೇಲೆ, ಕಳಿಸಿಯೂ ಕಂಪನಿ ತಿದ್ದದಿದ್ದರೆ ಕಂಪನಿಯ ತಲೆಯ ಮೇಲೆ. ಸ್ಕೋರ್ ಲೆಕ್ಕ ಹಾಕುವ ಸೂತ್ರದ ಬಗೆಗಿನ ತಕರಾರಿಗೆ ಈ ಪರಿಹಾರ ಇಲ್ಲ. ಮಾಹಿತಿ ತಪ್ಪಾಗಿದೆ ಎಂದೇ ದೂರು ಇರಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಗ್ರಾಹಕರ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ಉಚಿತವಾಗಿ ದೂರು ಸಲ್ಲಿಸಬಹುದು. ಕ್ರೆಡಿಟ್ ಮಾಹಿತಿ ಕಂಪನಿಗಳೂ 2022ರ ಸೆಪ್ಟೆಂಬರ್‌ನಿಂದ ಅವರ ವ್ಯಾಪ್ತಿಗೆ ಬಂದಿವೆ.

ಹಣ ಪಡೆದು ‘ಸಿಬಿಲ್ ಕ್ಲಿಯರ್’ ಮಾಡಿಕೊಡುವ ಮಧ್ಯವರ್ತಿಗಳಿಗೆ ಇದಕ್ಕಿಂತ ಬೇರೆ ದಾರಿ ಗೊತ್ತಿಲ್ಲ. ನಿಜವಾದ ಬಾಕಿಯನ್ನು ಅಳಿಸುವುದು ಅವರಿಂದ ಸಾಧ್ಯವಿಲ್ಲ, ತಪ್ಪು ನಮೂದನ್ನು ನೀವೇ ಖರ್ಚಿಲ್ಲದೆ ತಿದ್ದಿಸಬಹುದು. ಅವರಿಗೆ ಒಟಿಪಿ ಕೊಡುವುದಂತೂ ಬೇಡವೇ ಬೇಡ.

ಬಾಕಿ ನಿಜವೇ ಆಗಿದ್ದರೆ

ಆಗ ಯಾವುದನ್ನು ಮೊದಲು ಕಟ್ಟಬೇಕು ಎಂಬ ಆಯ್ಕೆ ಮುಖ್ಯವಾಗುತ್ತದೆ. 90 ದಿನದ ಗೆರೆಗೆ ಹತ್ತಿರವಿರುವ ಖಾತೆಗೆ ಮೊದಲ ಹಣ ಹೋಗಲಿ. ಗೆರೆ ದಾಟಿದ ಮೇಲೆ ಒಂದೆರಡು ಕಂತು ಕಟ್ಟಿದರೆ ಖಾತೆ ಸರಿಹೋಗುವುದಿಲ್ಲ. ಅಸಲು, ಬಡ್ಡಿ ಸೇರಿ ಅಷ್ಟೂ ಹಿಂಬಾಕಿ ತೀರಿದರೆ ಮಾತ್ರ ಅನುತ್ಪಾದಕ ಪಟ್ಟಿಯಿಂದ ಹೊರಬರುತ್ತದೆ. ಅಷ್ಟೇ ಅಲ್ಲ, ಒಂದು ಬ್ಯಾಂಕಿನಲ್ಲಿ ನಿಮ್ಮ ಒಂದು ಸಾಲ ಅನುತ್ಪಾದಕವಾದರೆ, ಅದೇ ಬ್ಯಾಂಕಿನಲ್ಲಿ ನೀವು ಸರಿಯಾಗಿ ಕಟ್ಟುತ್ತಿರುವ ಬೇರೆ ಸಾಲಗಳೂ ಅದೇ ವರ್ಗಕ್ಕೆ ಸೇರುತ್ತವೆ. ಸಣ್ಣ ವೈಯಕ್ತಿಕ ಸಾಲವನ್ನು ಕಡೆಗಣಿಸಿ ಗೃಹಸಾಲ ಕಟ್ಟುತ್ತಿದ್ದವರು ಸಿಕ್ಕಿಬೀಳುವುದು ಇಲ್ಲಿ.

ಕಾರ್ಡಿನ ಬಿಲ್ ಪೂರ್ತಿ ಕಟ್ಟಲಾಗದ ತಿಂಗಳು ಕನಿಷ್ಠ ಮೊತ್ತವನ್ನಾದರೂ ಕೊನೆಯ ದಿನದೊಳಗೆ ಕಟ್ಟಿ. ತಡದ ದಾಖಲೆ ಬೀಳದು, ಆದರೆ ಉಳಿದ ಹಣಕ್ಕೆ ತಿಂಗಳಿಗೆ ಶೇ 3ರ ಆಸುಪಾಸಿನ ಬಡ್ಡಿ ಓಡುತ್ತದೆ. ಇದು ಒಂದು ತಿಂಗಳ ಉಸಿರಾಟಕ್ಕೆ ಮಾತ್ರ. ಕಾರ್ಡಿನ ಲಿಮಿಟ್‌ನಲ್ಲಿ ಶೇ 30ಕ್ಕಿಂತ ಹೆಚ್ಚು ಬಳಸದಿರುವುದು ಒಳ್ಳೆಯದು. ₹1 ಲಕ್ಷದ ಲಿಮಿಟ್‌ನಲ್ಲಿ ₹80,000 ಖರ್ಚಾಗಿ, ಬಿಲ್ಲನ್ನು ಪೂರ್ತಿ ಕಟ್ಟುವವರಾದರೂ ವರದಿ ಹೋಗುವ ದಿನ ಕಾಣುವುದು ಆ ₹80,000. ಬಿಲ್ ತಯಾರಾಗುವ ಮೊದಲೇ ಒಂದಷ್ಟು ಕಟ್ಟಿಬಿಟ್ಟರೆ ಈ ತೊಂದರೆ ಇರುವುದಿಲ್ಲ.

ಇದೆಲ್ಲಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ? ₹30 ಲಕ್ಷದ ಗೃಹಸಾಲ, 20 ವರ್ಷ ಎಂದಿಟ್ಟುಕೊಳ್ಳಿ. ಬಡ್ಡಿ ಶೇ 8.5 ಆದರೆ ಕಂತು ಸುಮಾರು ₹26,035. ಚರಿತ್ರೆ ಕಳಪೆ ಎಂದು ಶೇ 9 ಹಾಕಿದರೆ ₹26,992. ಅರ್ಧ ಶೇಕಡಾದ ಈ ಅಂತರ ಒಟ್ಟು ₹2.3 ಲಕ್ಷದಷ್ಟಾಗುತ್ತದೆ.

ಚರಿತ್ರೆಯೇ ಇಲ್ಲದವರ ಮುಂದಿನ ಹೆಜ್ಜೆ

ವರದಿಯಲ್ಲಿ -1 ಅಥವಾ ಎನ್‌ಎಚ್ ಎಂದಿದ್ದರೆ ಸಾಲದ ದಾಖಲೆ ಇಲ್ಲ ಎಂದರ್ಥ. ಇದೊಂದೇ ಕಾರಣಕ್ಕೆ ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ಕೇಳಿ. ಬ್ಯಾಂಕ್ ತರಿಸಿಕೊಂಡ ಕ್ರೆಡಿಟ್ ವರದಿಯ ಪ್ರತಿ ಕೇಳುವ ಹಕ್ಕು 2005ರ ಕಾಯ್ದೆಯ 21ನೇ ಕಲಂನಲ್ಲಿದೆ. ಆದಾಯ ಸಾಲದು, ಕೆಲಸ ಖಾಯಂ ಅಲ್ಲ ಎಂಬಂಥ ಕಾರಣ ಬಂದರೆ ಸಚಿವರ ಉತ್ತರ ಹಿಡಿದು ವಾದಿಸಿ ಪ್ರಯೋಜನವಿಲ್ಲ. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್, ಸಂಬಳ ಚೀಟಿ ಜೋಡಿಸಿಕೊಂಡು ಮತ್ತೆ ಹೋಗುವುದು ಮೇಲು.

ತುರ್ತಿಲ್ಲದವರು ಬ್ಯಾಂಕಿನಲ್ಲಿ ಒಂದು ಎಫ್‌ಡಿ ಇಟ್ಟು ಅದರ ಮೇಲೆ ಕ್ರೆಡಿಟ್ ಕಾರ್ಡ್ ಪಡೆಯಬಹುದು. ಎಫ್‌ಡಿಯೇ ಭದ್ರತೆಯಾದ್ದರಿಂದ ಹಳೆಯ ದಾಖಲೆ ಇಲ್ಲದಿದ್ದರೂ ಕಾರ್ಡ್ ಸಿಗುತ್ತದೆ. ತಿಂಗಳ ಮಾಮೂಲಿ ಖರ್ಚಿಗಷ್ಟೇ ಬಳಸಿ ಬಿಲ್ ಪೂರ್ತಿ ಕಟ್ಟುತ್ತಾ ಹೋದರೆ ಸುಮಾರು ಆರು ತಿಂಗಳಲ್ಲಿ ಸ್ಕೋರ್ ಮೂಡುತ್ತದೆ. ಮುಂದೆ ಆ ಕಾರ್ಡ್ ಬೇಡವಾದರೆ ಸುಮ್ಮನೆ ಮೂಲೆಗೆ ಹಾಕಬೇಡಿ. ವಾರ್ಷಿಕ ಶುಲ್ಕ ಬಿದ್ದು, ಅದಕ್ಕೆ ದಂಡ ಸೇರಿ, ಬಳಸದ ಕಾರ್ಡೇ ಓವರ್‌ಡ್ಯೂ ಆಗಿಬಿಡುತ್ತದೆ. ಬಾಕಿ ಸೊನ್ನೆ ಮಾಡಿ, ಮುಚ್ಚಿದ್ದಕ್ಕೆ ಪತ್ರ ಪಡೆಯಿರಿ.

ಮೊದಲ ಸಾಲದ ವಿನಾಯಿತಿ ಒಂದೇ ಸಲಕ್ಕೆ. ಸಾಲ ಮಂಜೂರಾದ ಕೆಲವೇ ವಾರಗಳಲ್ಲಿ ಖಾತೆ ನಾಲ್ಕೂ ಕಂಪನಿಗಳ ದಾಖಲೆಗೆ ಸೇರುತ್ತದೆ. ಎರಡು ಕಂತು ಕಟ್ಟಿದ ಮೇಲೆ ಉಚಿತ ವರದಿಯನ್ನು ಒಮ್ಮೆ ತೆಗೆಸಿ, ಪ್ಯಾನ್, ಹೆಸರು, ಸಾಲದ ಮೊತ್ತ, ಕಂತು ಕಟ್ಟಿದ ತಿಂಗಳುಗಳು ಸರಿಯಾಗಿ ನಮೂದಾಗಿವೆಯೇ ನೋಡಿಕೊಳ್ಳಿ. ತಪ್ಪಿದ್ದರೆ ಆಗಲೇ ತಿದ್ದಿಸುವುದು ಸುಲಭ, ಏಕೆಂದರೆ ಸಾಲದ ಕಾಗದಪತ್ರಗಳು ಇನ್ನೂ ಕೈಯಲ್ಲೇ ಇರುತ್ತವೆ.